ಸಂದರ್ಭ ಸಹಿತ ವಿವರಿಸಿ: ತೀರ್ಥಹಳ್ಳಿ ಸೀಮೆಯ ಒಂದು ಪ್ರಕರಣ

ಸಂದರ್ಭ ಬಿಟ್ಟು ಹರಿದಾಡಿದ ಧರ್ಮಗ್ರಂಥಗಳ ಸಾಲುಗಳಿಂದ ಮುರಿಯಲಿದ್ದ ಒಂದು ಅಡಿಕೆ ವ್ಯವಹಾರದ, ಆ ಸಾಲುಗಳನ್ನು ಕೂತು ಓದಿದ ಪ್ರಕರಣವಿದು. ಇದು ನಡೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಪೇಟೆಯಲ್ಲಿ, 2023ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ. ಇದರಲ್ಲಿ ಪಾಲ್ಗೊಂಡವರು ಯಾರೂ ತಮ್ಮ ಹೆಸರು ಹೊರಬರುವುದನ್ನು ಬಯಸದ ಕಾರಣ ಊರಿನ ಹೆಸರನ್ನೂ ವ್ಯಕ್ತಿಗಳ ಹೆಸರನ್ನೂ ಬಿಟ್ಟಿದ್ದೇನೆ. ನಾನು ಅದೇ ಪೇಟೆಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನಡೆದ ಮೂರು ಕೂಟಗಳಲ್ಲಿ ಮೂರರಲ್ಲೂ ಇದ್ದೆ. ಆದ್ದರಿಂದ ಇದು ಹೊರಗಿನವನ ತಟಸ್ಥ ವರದಿಯಲ್ಲ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಹಿನ್ನೆಲೆ ಸಂಕ್ಷಿಪ್ತವಾಗಿ ಹೀಗಿದೆ. ಪೇಟೆಗೆ ಎರಡು ಕಿಲೋಮೀಟರ್ ದೂರದಲ್ಲಿ ಒಕ್ಕಲಿಗ ಗೌಡರೊಬ್ಬರ ಅಡಿಕೆ ತೋಟವಿದೆ. ಅದರ ಫಸಲನ್ನು ಸುಮಾರು ಇಪ್ಪತ್ತು ವರ್ಷಗಳಿಂದ ಪೇಟೆಯ ಮುಸ್ಲಿಂ ವ್ಯಾಪಾರಿಯೊಬ್ಬರು ಚೇಣಿಗೆ ಹಿಡಿಯುತ್ತಿದ್ದರು. ಚೇಣಿಯೆಂದರೆ ಮರದ ಮೇಲಿರುವ ಕಾಯಿಯನ್ನೇ ಅಂದಾಜು ಮಾಡಿ ವ್ಯಾಪಾರ ಕುದುರಿಸಿ, ಕೊನೆ ಇಳಿಸುವುದರಿಂದ ಹಿಡಿದು ಸುಲಿದು, ಬೇಯಿಸಿ, ಒಣಗಿಸುವವರೆಗಿನ ಹೊಣೆಯನ್ನೆಲ್ಲ ಚೇಣಿದಾರನೇ ಹೊರುವ ವ್ಯವಹಾರ. ಇದರಲ್ಲಿ ಬರವಣಿಗೆಗಿಂತ ಬಾಯಿಮಾತೇ ಹೆಚ್ಚು. ಕೊಳೆರೋಗ ಬಂದು ಫಸಲು ಉದುರಿದ ವರ್ಷ ಗೌಡರು ದರ ಇಳಿಸಿದ್ದುಂಟು, ಧಾರಣೆ ಏರಿದ ವರ್ಷ ಸಾಹೇಬರು ಕೇಳದೆಯೇ ಒಂದಿಷ್ಟು ಸೇರಿಸಿ ಕೊಟ್ಟದ್ದುಂಟು. ಇಂಥ ವ್ಯವಹಾರಕ್ಕೆ ಆಧಾರವೆಂದರೆ ಮಾತಿನ ಮೇಲಿನ ನಂಬಿಕೆ ಒಂದೇ.

ಶಿವಮೊಗ್ಗ ನಗರದಲ್ಲಿ 2022ರ ಫೆಬ್ರವರಿಯಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ, ಮತ್ತೆ 2023ರ ಅಕ್ಟೋಬರ್ ಆರಂಭದಲ್ಲಿ ರಾಗಿಗುಡ್ಡ ಬಡಾವಣೆಯ ಕೋಮುಗಲಭೆಯ ನಂತರ ನಿಷೇಧಾಜ್ಞೆ ಜಾರಿಯಾದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮ ಪೇಟೆಯಲ್ಲಿ ಕಲ್ಲು ಬೀಳಲಿಲ್ಲ, ಅಂಗಡಿ ಮುಚ್ಚಲಿಲ್ಲ. ಆದರೆ ಕರೆಂಟು ಹೋಗುವ ಸಮಯ ಮತ್ತು ರಾಶಿ ಅಡಿಕೆಯ ಧಾರಣೆ ತಿಳಿಸಲೆಂದು ಮಾಡಿಕೊಂಡಿದ್ದ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಆ ವಾರ ಒಂದು ಚಿತ್ರ ಬಂತು. ಅದರಲ್ಲಿ ಕತ್ತಿಯೊಂದರ ಕೆಳಗೆ ‘ಕಾಫಿರರನ್ನು ಕಂಡಲ್ಲಿ ಕೊಲ್ಲಿರಿ – ಕುರ್‌ಆನ್ 9:5’ ಎಂದು ಬರೆದಿತ್ತು. ಕಳುಹಿಸಿದವನು ಗೌಡರ ತಮ್ಮನ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ. ಅರ್ಧ ಗಂಟೆಯೊಳಗೆ ಚೇಣಿದಾರರ ಮಗ ಇನ್ನೊಂದು ಚಿತ್ರ ಹಾಕಿದ. ಅದರಲ್ಲಿ ಭಗವದ್ಗೀತೆಯ ಎರಡನೆಯ ಅಧ್ಯಾಯದ 37ನೆಯ ಶ್ಲೋಕ, ‘ಹತೋ ವಾ ಪ್ರಾಪ್ಸ್ಯಸಿ ಸ್ವರ್ಗಂ ಜಿತ್ವಾ ವಾ ಭೋಕ್ಷ್ಯಸೇ ಮಹೀಮ್’ ಎಂಬುದಿತ್ತು. ಅದರ ಕೆಳಗೆ ‘ಸತ್ತರೆ ಸ್ವರ್ಗ ಅಂತ ನಿಮ್ಮಲ್ಲೂ ಇದೆಯಲ್ಲ’ ಎಂದು ಅವನೇ ಬರೆದಿದ್ದ. ಅದಕ್ಕೆ ಉತ್ತರವಾಗಿ ‘ಅಹಿಂಸಾ ಪರಮೋ ಧರ್ಮಃ ಧರ್ಮಹಿಂಸಾ ತಥೈವ ಚ’ ಬಂತು, ‘ಧರ್ಮೋ ರಕ್ಷತಿ ರಕ್ಷಿತಃ’ ಬಂತು. ಇನ್ನಾರೋ ಹಿತೈಷಿಗಳು ‘ಒಬ್ಬನನ್ನು ಕೊಂದವನು ಇಡೀ ಮನುಕುಲವನ್ನು ಕೊಂದಂತೆ’ ಎಂಬ ಕುರ್‌ಆನ್‌ನ 5:32ನ್ನು ಹಾಕಿ ಕೈಮುಗಿಯುವ ಚಿಹ್ನೆ ಇಟ್ಟರು. ಮರುದಿನ ಬೆಳಿಗ್ಗೆ ಗೌಡರು ಚೇಣಿದಾರರಿಗೆ ಫೋನು ಮಾಡಿ, ಈ ಸಲ ಕೊಯ್ಲನ್ನು ತಾವೇ ಮಾಡಿಸಿಕೊಳ್ಳುವುದಾಗಿ ತಿಳಿಸಿದರು. ಮಾತು ಮುಗಿದು, ಮುಂಗಡದ ಹಣವೂ ಕೈಸೇರಿ ಹದಿನೈದು ದಿನವಾಗಿತ್ತು.

ಚೇಣಿದಾರರು ನನ್ನಲ್ಲಿಗೆ ಬಂದದ್ದು ಮುಂಗಡದ ವಿಷಯ ಮಾತಾಡಲು. ಇಬ್ಬರ ಮಕ್ಕಳೂ ನನ್ನ ವಿದ್ಯಾರ್ಥಿಗಳಾಗಿದ್ದರಿಂದ ನಡುವೆ ನಿಲ್ಲಲು ನಾನೇ ಸರಿಯೆಂದು ಅವರಿಗೆ ತೋರಿತ್ತು. ಗೌಡರ ಮನೆಗೆ ಹೋದಾಗ ಅವರು ಹಣದ ಮಾತೇ ಎತ್ತಲಿಲ್ಲ. “ಮೇಷ್ಟ್ರೇ, ದುಡ್ಡು ಇವತ್ತೇ ವಾಪಸು ಕೊಡ್ತೀನಿ. ಆದ್ರೆ ಆ ಪುಸ್ತಕದಲ್ಲಿ ಹಾಗೆ ಬರೆದದ್ದು ಹೌದೋ ಅಲ್ಲವೋ, ಅಷ್ಟು ಹೇಳಿ” ಎಂದರು. ನಾನು ಹೌದು ಎಂದೆ. ಅಲ್ಲ ಎಂದಿದ್ದರೆ ಆ ಕ್ಷಣಕ್ಕೆ ಹಿತವಾಗುತ್ತಿತ್ತು, ಆದರೆ ಸುಳ್ಳಾಗುತ್ತಿತ್ತು. ಮುಂದೆ ನಡೆದ ಯಾವುದೂ ನಡೆಯುತ್ತಿರಲಿಲ್ಲ. ಹೌದು ಎಂದ ಮೇಲೆ ನಾನು ಅವರಿಗೆ ಹೇಳಿದ್ದು ಮೂವತ್ತು ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ಹೇಳಿದ್ದನ್ನೇ. ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಒಂದು ವಾಕ್ಯ ಕೊಟ್ಟು ‘ಸಂದರ್ಭ ಸಹಿತ ಸ್ವಾರಸ್ಯ ಬರೆಯಿರಿ’ ಎಂದು ಕೇಳುತ್ತೇವೆ. ಯಾವ ಪಾಠದ್ದು, ಯಾರು ಯಾರಿಗೆ ಹೇಳಿದ್ದು, ಯಾವಾಗ ಹೇಳಿದ್ದು ಎಂಬುದನ್ನು ಬರೆಯದೆ ವಾಕ್ಯದ ಅರ್ಥವನ್ನಷ್ಟೇ ಬರೆದ ಹುಡುಗನಿಗೆ ಅಂಕ ಸಿಗುವುದಿಲ್ಲ. ಹತ್ತನೆಯ ತರಗತಿಯ ಹುಡುಗನಿಂದ ನಾವು ಕೇಳುವಷ್ಟನ್ನು ನಮ್ಮಿಂದ ನಾವೇ ಕೇಳಿಕೊಳ್ಳೋಣವೇ ಎಂದೆ. ಗೌಡರು ತಾಳಮದ್ದಳೆಯ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ ಹುಚ್ಚಿನವರು. ಭೀಷ್ಮನ ಬಾಯಿಯ ಪದವನ್ನು ಶಕುನಿಯ ಅರ್ಥಧಾರಿ (ಆ ಪಾತ್ರದ ಮಾತಾಡುವವನು) ಎತ್ತಿಕೊಂಡರೆ ಏನಾಗುತ್ತದೆಂಬುದನ್ನು ಅವರಿಗೆ ವಿವರಿಸಬೇಕಾಗಿರಲಿಲ್ಲ.

ಮೊದಲ ಕೂಟಕ್ಕೆ ಸೇರಿದವರು ಏಳು ಜನ: ಗೌಡರು, ಅವರ ತಮ್ಮನ ಮಗ (ದಸರೆಯ ರಜೆಗೆ ಊರಿಗೆ ಬಂದಿದ್ದ), ಚೇಣಿದಾರರು, ಅವರ ಮಗ, ಮಸೀದಿಯ ಮೌಲಾನಾ, ವೇದಾಂತ ಓದಿಕೊಂಡ ಒಬ್ಬ ಶಾಸ್ತ್ರಿಗಳು ಮತ್ತು ನಾನು. ಸೇರಿದ್ದು ನನ್ನ ಮನೆಯ ಜಗಲಿಯಲ್ಲಿ. ಮಸೀದಿಯೂ ಬೇಡ, ದೇವಸ್ಥಾನವೂ ಬೇಡ, ಗುಂಪಿನಲ್ಲಿ ಪ್ರಚಾರವೂ ಬೇಡ ಎಂಬುದು ಮೌಲಾನಾರ ಸಲಹೆ. ಕುರ್‌ಆನ್‌ನ ಎರಡು ಕನ್ನಡ ಅನುವಾದಗಳು, ಮೌಲಾನಾ ತಂದ ಉರ್ದು ತಫ್ಸೀರ್ (ಕುರ್‌ಆನ್ ವ್ಯಾಖ್ಯಾನ) ಒಂದು, ಇಷ್ಟು ನಮ್ಮ ಸಾಮಗ್ರಿ. ಓದುವಾಗ ಐದನೆಯ ಆಯತ್ತನ್ನು (ವಚನವನ್ನು) ಮಾತ್ರ ಓದದೆ ಒಂಬತ್ತನೆಯ ಸೂರಾವನ್ನು (ಅಧ್ಯಾಯವನ್ನು) ಮೊದಲಿನಿಂದ ಹದಿಮೂರನೆಯ ಆಯತ್ತಿನವರೆಗೆ, ಒಬ್ಬರಾದ ಮೇಲೆ ಒಬ್ಬರು ಜೋರಾಗಿ ಓದಬೇಕೆಂದು ನಿಶ್ಚಯಿಸಿದೆವು. ಓದಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಆ ಹತ್ತು ನಿಮಿಷವನ್ನು ಚಿತ್ರ ಕಳುಹಿಸಿದವನಾಗಲಿ, ಅದಕ್ಕೆ ಉತ್ತರ ಕೊಟ್ಟವನಾಗಲಿ ಹಿಂದೆಂದೂ ವ್ಯಯಿಸಿರಲಿಲ್ಲ. ಚೇಣಿದಾರರ ಮಗ ಅರಬ್ಬಿಯಲ್ಲಿ ಅದನ್ನು ಎಷ್ಟೋ ಸಲ ಪಠಿಸಿದ್ದನಾದರೂ ಕನ್ನಡದಲ್ಲಿ ಓದಿದ್ದು ಅಂದೇ ಮೊದಲು.

ಮೊದಲು ಕಣ್ಣಿಗೆ ಬಿದ್ದದ್ದು, ಚಿತ್ರದಲ್ಲಿದ್ದ ‘ಕಾಫಿರರು’ ಎಂಬ ಮಾತು ಆ ಆಯತ್ತಿನಲ್ಲಿಲ್ಲ ಎಂಬುದು. ಅಲ್ಲಿರುವುದು ‘ಮುಶ್ರಿಕೀನ್’, ಅಂದರೆ ಬಹುದೇವಾರಾಧಕರು. ಇದರಿಂದ ಗೌಡರಿಗೆ ಸಮಾಧಾನವೇನೂ ಆಗಲಿಲ್ಲ, ಆಗಬೇಕಾದ ಕಾರಣವೂ ಇಲ್ಲ. ಆ ಮಾತು ತಮ್ಮನ್ನು ಇನ್ನೂ ನೇರವಾಗಿ ಮುಟ್ಟುತ್ತದೆ ಎಂದರು. ಎರಡನೆಯದು ವಾಕ್ಯ ತುಂಡಾಗಿದ್ದ ರೀತಿ. ಮೂಲದಲ್ಲಿ ಅದು ‘ನಿಷಿದ್ಧ ತಿಂಗಳುಗಳು ಕಳೆದ ಮೇಲೆ’ ಎಂದು ಆರಂಭವಾಗಿ, ಅವರು ಪಶ್ಚಾತ್ತಾಪಪಟ್ಟು ನಮಾಜು ನಡೆಸಿ ಜಕಾತ್ (ಕಡ್ಡಾಯ ದಾನ) ಕೊಟ್ಟರೆ ದಾರಿ ಬಿಟ್ಟುಬಿಡಿರಿ ಎಂದು ಮುಗಿಯುತ್ತದೆ. ಯಾವ ತಿಂಗಳುಗಳು, ಯಾಕೆ ನಾಲ್ಕು ತಿಂಗಳ ಗಡುವು ಎಂಬುದಕ್ಕೆ ಉತ್ತರ ಮೊದಲೆರಡು ಆಯತ್ತುಗಳಲ್ಲೇ ಇದೆ: ‘ನೀವು ಒಪ್ಪಂದ ಮಾಡಿಕೊಂಡಿದ್ದ’ ಬಹುದೇವಾರಾಧಕರನ್ನು ಕುರಿತ ಘೋಷಣೆ ಇದು.

ಆ ಒಪ್ಪಂದದ ಕಥೆಯನ್ನು ಮೌಲಾನಾ ಬಿಡಿಸಿ ಹೇಳಿದರು. ಕ್ರಿ.ಶ. 628ರಲ್ಲಿ ಮಕ್ಕಾದ ಕುರೈಷರಿಗೂ ಮದೀನಾದ ಮುಸ್ಲಿಮರಿಗೂ ಹುದೈಬಿಯಾ ಎಂಬಲ್ಲಿ ಹತ್ತು ವರ್ಷಗಳ ಕದನವಿರಾಮ ಏರ್ಪಟ್ಟಿತು. ಎರಡು ವರ್ಷ ಕಳೆಯುವುದರೊಳಗೆ ಕುರೈಷರ ಪಕ್ಷದ ಬನೂ ಬಕ್ರ್ ಕುಲದವರು ಮುಸ್ಲಿಮರ ಪಕ್ಷದ ಖುಜಾಅ ಕುಲದವರ ಮೇಲೆ ಬಿದ್ದದ್ದರಿಂದ ಅದು ಮುರಿಯಿತು. 630ರಲ್ಲಿ ಮಕ್ಕಾ ಮುಸ್ಲಿಮರ ಕೈಸೇರಿತು. ಒಂಬತ್ತನೆಯ ಸೂರಾದ ಈ ಆರಂಭದ ಭಾಗವನ್ನು ಸಾರಿದ್ದು ಅದರ ಮರುವರ್ಷ, 631ರ ಹಜ್ ಸಮಯದಲ್ಲಿ. ಪ್ರವಾದಿಯವರ ಸಂಗಾತಿ ಅಬೂಬಕರ್ ಮುಂದಾಳಾಗಿದ್ದ ಆ ಯಾತ್ರೆಗೆ ಪ್ರವಾದಿಯವರ ಅಳಿಯ ಅಲಿಯವರನ್ನು ಕಳುಹಿಸಿ ಇದನ್ನು ಓದಿಸಲಾಯಿತು. ಕುರ್‌ಆನ್‌ನ 114 ಸೂರಾಗಳಲ್ಲಿ ‘ಬಿಸ್ಮಿಲ್ಲಾ’ ಇಲ್ಲದೆ ಆರಂಭವಾಗುವುದು ಇದೊಂದೇ ಎಂದೂ ಅವರು ಹೇಳಿದರು.

ಇಲ್ಲಿ ಶಾಸ್ತ್ರಿಗಳು ಬಾಯಿ ಹಾಕಿದ್ದು ಯಾರೂ ನಿರೀಕ್ಷಿಸದ ತಿರುವು. ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸಲು ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸಾ ಶಾಸ್ತ್ರ ಆರು ಲಿಂಗಗಳನ್ನು, ಅಂದರೆ ಗುರುತುಗಳನ್ನು ಹೇಳುತ್ತದೆ: ಉಪಕ್ರಮ-ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ. ಆರಂಭ ಮತ್ತು ಮುಕ್ತಾಯದಲ್ಲಿ ಏನಿದೆ, ಯಾವ ಮಾತು ಮತ್ತೆ ಮತ್ತೆ ಬರುತ್ತದೆ ಎಂಬುದನ್ನು ನೋಡದೆ ನಡುವಿನ ಒಂದು ವಾಕ್ಯಕ್ಕೆ ಅರ್ಥ ಕಟ್ಟಬಾರದು ಎಂಬುದು ಅದರ ಸಾರ. ಶಾಸ್ತ್ರಿಗಳು ಪೆನ್ಸಿಲ್ ತೆಗೆದುಕೊಂಡು ಎಣಿಸಿದರು. ಓದಿದ ಹದಿಮೂರು ಆಯತ್ತುಗಳಲ್ಲಿ 1, 4, 7, 8, 10, 12 ಮತ್ತು 13ರಲ್ಲಿ ಒಪ್ಪಂದದ ಇಲ್ಲವೇ ಆಣೆಯ ಮಾತು ಬರುತ್ತದೆ. “ಉಪಕ್ರಮವೂ ಒಪ್ಪಂದ, ಅಭ್ಯಾಸವೂ ಒಪ್ಪಂದ. ಇದು ಮಾತು ಮುರಿದವರ ಪ್ರಕರಣ” ಎಂದು ಅವರು ಕನ್ನಡಕ ತೆಗೆದಿಟ್ಟಾಗ ಮೌಲಾನಾ, ತಮ್ಮಲ್ಲಿ ಇದನ್ನು ‘ಶಾನೆ ನುಜೂಲ್’ ಎನ್ನುತ್ತಾರೆ, ಆಯತ್ತು ಇಳಿದುಬಂದ ಸಂದರ್ಭವೆಂದು ಅರ್ಥ ಎಂದರು. ಇಬ್ಬರೂ ಎರಡು ದಶಕಗಳಿಂದ ಒಂದೇ ಪೇಟೆಯಲ್ಲಿದ್ದು ಹಬ್ಬದ ಶುಭಾಶಯ ಹೇಳಿಕೊಂಡಿದ್ದರೇ ಹೊರತು, ಓದುವ ವಿಧಾನದ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ.

ಗೌಡರು ಮಾತ್ರ ಪಟ್ಟು ಬಿಡಲಿಲ್ಲ. ನಮಾಜು ಮಾಡಿದರೆ ಬಿಡಿ ಎಂದರೆ ಮತ ಬದಲಿಸಿದರೆ ಮಾತ್ರ ಜೀವ ಉಳಿಯುತ್ತದೆಂದಲ್ಲವೇ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಮೌಲಾನಾ ಅವರ ಕೈಯಲ್ಲೇ ಪುಸ್ತಕ ಕೊಟ್ಟು ಹಿಂದಿನ ಮತ್ತು ಮುಂದಿನ ಆಯತ್ತುಗಳನ್ನು ಮತ್ತೊಮ್ಮೆ ಓದಿಸಿದರು. ನಾಲ್ಕನೆಯದು, ಒಪ್ಪಂದ ಮುರಿಯದ ಬಹುದೇವಾರಾಧಕರೊಡನೆ ಅವಧಿ ಮುಗಿಯುವವರೆಗೂ ಒಪ್ಪಂದವನ್ನು ಪಾಲಿಸಿರಿ ಎನ್ನುತ್ತದೆ. ಆರನೆಯದು, ಬಹುದೇವಾರಾಧಕರಲ್ಲಿ ಯಾರಾದರೂ ಆಶ್ರಯ ಕೇಳಿದರೆ ಕೊಡಿರಿ, ದೇವರ ವಚನವನ್ನು ಕೇಳಿಸಿಕೊಳ್ಳಲಿ, ಆಮೇಲೆ ಅವನನ್ನು ಅವನ ಸುರಕ್ಷಿತ ಜಾಗಕ್ಕೆ ತಲುಪಿಸಿರಿ ಎನ್ನುತ್ತದೆ; ಕೇಳಿ ಒಪ್ಪಿಕೊಳ್ಳಬೇಕೆಂಬ ಷರತ್ತು ಅಲ್ಲಿಲ್ಲ. ಮತ ಬೇರೆಯಾದದ್ದೇ ಕೊಲ್ಲಲು ಕಾರಣವಾಗಿದ್ದರೆ ಈ ಎರಡು ಆಯತ್ತುಗಳಿಗೆ ಅರ್ಥವೇ ಇರುವುದಿಲ್ಲ ಎಂಬುದು ಅವರ ವಾದ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಇದರ ನಂತರ. ಹಿಂದಿನ ವ್ಯಾಖ್ಯಾನಕಾರರಲ್ಲಿ ಕೆಲವರು, ಈ ಐದನೆಯ ಆಯತ್ತು ಶಾಂತಿಯನ್ನು ಹೇಳುವ ಎಷ್ಟೋ ಆಯತ್ತುಗಳನ್ನು ರದ್ದುಪಡಿಸಿತೆಂದು ವಾದಿಸಿದ್ದಾರೆ, ಇದನ್ನು ಮುಚ್ಚಿಟ್ಟರೆ ನಾನು ಸುಳ್ಳು ಹೇಳಿದಂತಾಗುತ್ತದೆ ಎಂದು ಅವರೇ ಮುಂದಾಗಿ ತಿಳಿಸಿದರು. ರದ್ದಾದವುಗಳ ಪಟ್ಟಿ ಒಂದು ಕಾಲಕ್ಕೆ ನೂರಕ್ಕೂ ಮೀರಿತ್ತೆಂದೂ, 15ನೆಯ ಶತಮಾನದ ವಿದ್ವಾಂಸ ಸುಯೂತಿ ಅದನ್ನು ಇಪ್ಪತ್ತರ ಆಸುಪಾಸಿಗೆ ಇಳಿಸಿದರೆಂದೂ, 18ನೆಯ ಶತಮಾನದಲ್ಲಿ ದೆಹಲಿಯ ಷಾ ವಲೀಉಲ್ಲಾ ಅವರು ಐದಕ್ಕೆ ತಂದು ನಿಲ್ಲಿಸಿದರೆಂದೂ ವಿವರಿಸಿದರು. ಅಂದರೆ ಒಳಗೇ ಜಗಳವಿತ್ತು. ಹೊರಗಿನವರಿಗೆ ಒಂದೇ ಬಣ್ಣವಾಗಿ ಕಾಣುವ ಸಂಪ್ರದಾಯದೊಳಗೆ ಇಂಥ ಜಗಳವಿದೆಯೆಂದು ತಿಳಿದದ್ದೇ ಗೌಡರ ಬಿಗುವನ್ನು ಸ್ವಲ್ಪ ಸಡಿಲಿಸಿತೆಂದು ನನ್ನ ಊಹೆ, ಆಯತ್ತು ಮೃದುವಾದದ್ದರಿಂದಲ್ಲ.

ನ್ಯಾಯಾಲಯಗಳ ಪ್ರಸ್ತಾಪವೂ ಬಂತು. ಕುರ್‌ಆನ್‌ಗೆ ನಿಷೇಧ ಕೋರಿದ್ದ ಅರ್ಜಿಯನ್ನು ಕಲ್ಕತ್ತಾ ಹೈಕೋರ್ಟ್ 1985ರ ಮೇ ತಿಂಗಳಲ್ಲಿ ವಜಾ ಮಾಡಿತು. ಅದರ 26 ಆಯತ್ತುಗಳನ್ನು ತೆಗೆಸಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 12ರಂದು ಐವತ್ತು ಸಾವಿರ ರೂಪಾಯಿ ದಂಡದೊಂದಿಗೆ ತಳ್ಳಿಹಾಕಿತು. ಆದರೆ ನ್ಯಾಯಾಲಯದಲ್ಲಿ ಗೆದ್ದ ಮಾತ್ರಕ್ಕೆ ತೋಟದ ಯಜಮಾನನ ಮನಸ್ಸಿನ ಹೆದರಿಕೆ ಹೋಗುವುದಿಲ್ಲವಾದ್ದರಿಂದ ಆ ಚರ್ಚೆ ಅಲ್ಲಿಗೇ ನಿಂತಿತು.

ಎರಡನೆಯ ಕೂಟ ಮುಂದಿನ ಭಾನುವಾರ. ಈ ಬಾರಿ ಅದೇ ಪ್ರಶ್ನೆಯನ್ನು ಈ ಕಡೆಯ ಸಾಲುಗಳಿಗೆ ಕೇಳಬೇಕೆಂಬುದು ಮೊದಲೇ ಆದ ಮಾತು. ಗೀತೆಯ ಶ್ಲೋಕ ಸುಲಭವಾಗಿ ಬಗೆಹರಿಯಿತು. ‘ಸತ್ತರೆ ಸ್ವರ್ಗ, ಗೆದ್ದರೆ ಭೂಮಿ’ ಎಂಬುದನ್ನು ಕೃಷ್ಣ ಹೇಳುವುದು ಎರಡು ಸೈನ್ಯಗಳ ನಡುವೆ, ಬಿಲ್ಲು ಕೆಳಗಿಟ್ಟ ಒಬ್ಬ ಯೋಧನಿಗೆ; ಅದೂ ಉದ್ಯೋಗಪರ್ವದಲ್ಲಿ ಐದು ಹಳ್ಳಿಯಾದರೂ ಸಾಕೆಂದು ಕೇಳಿ ಸಂಧಾನ ಮುರಿದುಬಿದ್ದ ಮೇಲೆ. ಮುಂದಿನ ಶ್ಲೋಕವೇ ಸುಖ-ದುಃಖ, ಲಾಭ-ನಷ್ಟ, ಜಯಾಪಜಯಗಳನ್ನು ಸಮವಾಗಿ ಕಾಣು ಎನ್ನುತ್ತದೆ. ಎದುರಿಗೆ ನಿಂತವರು ಅನ್ಯಮತದವರಲ್ಲ, ಒಂದೇ ಮನೆಯ ದಾಯಾದಿಗಳು. ಚೇಣಿದಾರರ ಮಗ ತನ್ನ ಚಿತ್ರ ತಪ್ಪೆಂದು ಒಪ್ಪಿಕೊಂಡ.

‘ಧರ್ಮಹಿಂಸಾ ತಥೈವ ಚ’ ಎಂಬುದರ ಗತಿ ಬೇರೆ. ಅದಕ್ಕೆ ಸಂದರ್ಭವೇ ಸಿಗಲಿಲ್ಲ. ಮಹಾಭಾರತದ ಅನುಶಾಸನಪರ್ವದಲ್ಲಿ ಭೀಷ್ಮ ಯುಧಿಷ್ಠಿರನಿಗೆ ಹೇಳುವುದು ‘ಅಹಿಂಸಾ ಪರಮೋ ಧರ್ಮಸ್ತಥಾಹಿಂಸಾ ಪರೋ ದಮಃ, ಅಹಿಂಸಾ ಪರಮಂ ದಾನಮಹಿಂಸಾ ಪರಮಂ ತಪಃ’ ಎಂದು. ಧರ್ಮಕ್ಕಾಗಿ ಹಿಂಸೆಯೂ ಅಷ್ಟೇ ದೊಡ್ಡದೆಂದು ಅರ್ಥ ಹೇಳಲಾಗುವ ಆ ಎರಡನೆಯ ಅರ್ಧ ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿಯಲ್ಲಿಲ್ಲ. ಹೊಲಿದು ಸೇರಿಸಿದ ತುಂಡು ಅದು. ಗೌಡರ ತಮ್ಮನ ಮಗ ಮೊಬೈಲಿನಲ್ಲಿ ಬಹಳ ಹೊತ್ತು ಹುಡುಕಿದ. ಅದೇ ಸಾಲನ್ನು ಹಾಕಿದ ನೂರಾರು ಪುಟಗಳು ಸಿಕ್ಕವು, ಪರ್ವ-ಅಧ್ಯಾಯದ ಸಂಖ್ಯೆ ಕೊಟ್ಟದ್ದು ಸಿಕ್ಕಲಿಲ್ಲ. ಭೀಷ್ಮನ ಆ ಮಾತು ಬರುವುದು ಮಾಂಸಾಹಾರವನ್ನು ಬಿಡುವ ಪ್ರಸಂಗದಲ್ಲಿ ಎಂದು ಶಾಸ್ತ್ರಿಗಳು ಹೇಳಿದಾಗ ಗೌಡರು, “ಹಾಗಾದ್ರೆ ಅದು ನಮಗೂ ಕಷ್ಟ, ಸಾಹೇಬ್ರಿಗೂ ಕಷ್ಟ” ಎಂದು ನಕ್ಕರು. ಮೂರು ವಾರಗಳಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಕೂಟ ನಿಜವಾಗಿ ಬಿಗಡಾಯಿಸಿದ್ದು ‘ಧರ್ಮೋ ರಕ್ಷತಿ ರಕ್ಷಿತಃ’ ಬಂದಾಗ. ಇದು ಮನುಸ್ಮೃತಿಯ ಎಂಟನೆಯ ಅಧ್ಯಾಯದ 15ನೆಯ ಶ್ಲೋಕದ ಒಂದು ತುಣುಕು. ಆ ಶ್ಲೋಕ ಆರಂಭವಾಗುವುದು ‘ಧರ್ಮ ಏವ ಹತೋ ಹಂತಿ’, ಕೊಲ್ಲಲ್ಪಟ್ಟ ಧರ್ಮವೇ ಕೊಲ್ಲುತ್ತದೆ ಎಂಬುದರಿಂದ. ಹೇಳುತ್ತಿರುವುದು ರಾಜನ ನ್ಯಾಯಸಭೆಯಲ್ಲಿ ಕುಳಿತವರಿಗೆ. ಅದರ ಹಿಂದಿನ ಶ್ಲೋಕ, ನೋಡುತ್ತಿರುವಂತೆಯೇ ಅಧರ್ಮದಿಂದ ಧರ್ಮವೂ ಸುಳ್ಳಿನಿಂದ ಸತ್ಯವೂ ಸತ್ತರೆ ಆ ಸಭಾಸದರೂ ಸತ್ತಂತೆಯೇ ಎನ್ನುತ್ತದೆ. ಶಾಸ್ತ್ರಿಗಳು ಇದನ್ನು ಸೊಗಸಾಗಿ ವಿವರಿಸಿ, ನ್ಯಾಯಾಧೀಶನಿಗೆ ಕೊಟ್ಟ ಎಚ್ಚರಿಕೆಯನ್ನು ನಾವು ಕತ್ತಿಯ ಚಿತ್ರದ ಕೆಳಗೆ ಬರೆದುಕೊಂಡಿದ್ದೇವೆ ಎಂದರು. ಅಷ್ಟಕ್ಕೆ ನಿಂತಿದ್ದರೆ ಎಲ್ಲರೂ ಹಿತವಾಗಿ ಎದ್ದುಹೋಗುತ್ತಿದ್ದರು. ಆದರೆ ಅಂದು ನನ್ನ ಹಳೆಯ ವಿದ್ಯಾರ್ಥಿ, ಈಗ ಕಾಲೇಜಿನಲ್ಲಿ ಇತಿಹಾಸ ಕಲಿಸುವ ದಲಿತ ಯುವಕನೊಬ್ಬ ಬಂದಿದ್ದ. ಅವನು ಪುಸ್ತಕವನ್ನು ತೆಗೆದುಕೊಂಡು ಅದೇ ಎಂಟನೆಯ ಅಧ್ಯಾಯದ 270ನೆಯ ಶ್ಲೋಕವನ್ನು ಓದಿದ. ದ್ವಿಜನನ್ನು ಕಟುವಾಗಿ ಬೈದ ಶೂದ್ರನ ನಾಲಿಗೆ ಕತ್ತರಿಸಬೇಕು ಎಂಬುದು ಅಲ್ಲಿನ ವಿಧಿ. “ಸಾರ್, ನ್ಯಾಯಸಭೆಯೇ ಸಂದರ್ಭ ಅಂದ್ರಲ್ಲ, ಆ ಸಭೆ ಕೊಡ್ತಿದ್ದ ನ್ಯಾಯವೂ ಸಂದರ್ಭವೇ ಅಲ್ವಾ?” ಎಂದು ಕೇಳಿದ. ಗೌಡರ ಮುಖ ಸಪ್ಪೆಯಾಯಿತು, ಏಕೆಂದರೆ ಆ ಶ್ಲೋಕದ ಲೆಕ್ಕದಲ್ಲಿ ತಾವು ಎಲ್ಲಿ ನಿಲ್ಲುತ್ತೇವೆಂಬುದು ಅವರಿಗೂ ಗೊತ್ತಿತ್ತು. ಶಾಸ್ತ್ರಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಇದನ್ನು ಸಮರ್ಥಿಸಲು ತಮ್ಮಲ್ಲಿ ಮಾತಿಲ್ಲ ಎಂದರು.

ಇಡೀ ಪ್ರಕರಣದಲ್ಲಿ ನಾನು ಅತ್ಯಂತ ಮಹತ್ವದ್ದೆಂದು ಎಣಿಸುವುದು ಈ ಘಳಿಗೆಯನ್ನು. ಸಂದರ್ಭ ನೋಡಿ ಎಂಬ ಮಾತನ್ನು ನಾವು ಸಾಮಾನ್ಯವಾಗಿ ವಕೀಲನಂತೆ ಬಳಸುತ್ತೇವೆ; ನಮ್ಮ ಗ್ರಂಥ ಆರೋಪಿಯಾದಾಗ ಅವನನ್ನು ಕರೆಸುತ್ತೇವೆ, ಬಿಡುಗಡೆಯಾದ ಕೂಡಲೇ ಕಳುಹಿಸಿಬಿಡುತ್ತೇವೆ. ಆದರೆ ಸಂದರ್ಭವನ್ನು ಪೂರ್ತಿ ಓದಿದರೆ ಭಯಂಕರವಾಗಿ ಕಂಡದ್ದು ಮಿತವಾಗುವಂತೆಯೇ ಸುಂದರವಾಗಿ ಕಂಡದ್ದು ಕಹಿಯಾಗಲೂಬಹುದು. ಹಿತೈಷಿಗಳು ಹಾಕಿದ್ದ 5:32ಕ್ಕೂ ಇದೇ ಆಯಿತು. ಅದು ಬರುವುದು ಆದಮನ ಇಬ್ಬರು ಮಕ್ಕಳಲ್ಲಿ ಒಬ್ಬ ಇನ್ನೊಬ್ಬನನ್ನು ಕೊಂದ ಕಥೆಯ ಕೊನೆಯಲ್ಲಿ, ಇಸ್ರಾಯೀಲ ಸಂತತಿಗೆ ವಿಧಿಸಿದ ಮಾತಾಗಿ. ಕೊಲೆಗೆ ಪ್ರತಿಯಾಗಿ ಅಥವಾ ನಾಡಿನಲ್ಲಿ ಕ್ಷೋಭೆ ಹಬ್ಬಿಸಿದ್ದಕ್ಕಾಗಿ ಎಂಬ ವಿನಾಯಿತಿ ಅದರಲ್ಲೇ ಇದೆ. ಮರು ಆಯತ್ತು ಅಂಥವರಿಗೆ ಕಠಿಣ ಶಿಕ್ಷೆಗಳನ್ನು ಹೇಳುತ್ತದೆ. ಒಳ್ಳೆಯ ಉದ್ದೇಶದಿಂದ ತುಂಡರಿಸಿದ ವಾಕ್ಯವೂ ತುಂಡರಿಸಿದ ವಾಕ್ಯವೇ ಎಂದು ಮೌಲಾನಾ ಒಪ್ಪಿದರು. ಅದು ಹಾಕಿದವರಿಗೆ ಬೇಸರವಾಗದಂತೆ ಹೇಳುವುದು ಹೇಗೆಂದು ಆಮೇಲೆ ನನ್ನನ್ನು ಕೇಳಿದರು.

ನಾನು ಮಾಡಿದ ಒಂದು ತಪ್ಪನ್ನೂ ದಾಖಲಿಸಬೇಕು. ಓದಿನ ಉತ್ಸಾಹದಲ್ಲಿ ಏಳನೆಯ ಶತಮಾನದ ಮಕ್ಕಾ, ಭೀಷ್ಮನ ಶರಶಯ್ಯೆ ಎಲ್ಲವನ್ನೂ ಕೆದಕಿದೆವೇ ಹೊರತು, ಆ ಚಿತ್ರ ಅದೇ ವಾರ ನಮ್ಮ ಗುಂಪಿಗೆ ಯಾಕೆ ಬಂತೆಂಬುದನ್ನು ಎರಡು ಕೂಟಗಳವರೆಗೂ ಯಾರೂ ಕೇಳಲಿಲ್ಲ. ಅದನ್ನು ಕೇಳಿದವರು ಚೇಣಿದಾರರು, ಮೂರನೆಯ ಕೂಟದಲ್ಲಿ. ಹುಡುಗ ತಡವರಿಸಿದ. ತನಗೆ ಅದು ಬಂದದ್ದು ಬೆಂಗಳೂರಿನ ಬೇರೊಂದು ಗುಂಪಿನಿಂದ. ಊರಿನ ಯಾರನ್ನೂ ನೆನೆದು ಕಳುಹಿಸಿದ್ದಲ್ಲ, ಶಿವಮೊಗ್ಗದ ಸುದ್ದಿ ನೋಡಿ ಸಿಟ್ಟು ಬಂದಿತ್ತು, ಬೆರಳು ಒತ್ತಿದೆ ಎಂದ. ಚೇಣಿದಾರರು ಮೆಲ್ಲಗೆ, “ನೀನು ನನ್ನ ನೆನೆಸಿಕೊಂಡಿಲ್ಲ ಮಗಾ, ಆದ್ರೆ ಅದನ್ನ ಓದಿದೋರೆಲ್ಲ ನನ್ನೇ ನೋಡಿದ್ರು” ಎಂದರು. ಆಯತ್ತಿನ ಸಂದರ್ಭಕ್ಕೆ ಹದಿಮೂರು ಆಯತ್ತು ಓದಿದ ನಾವು ಚಿತ್ರದ ಸಂದರ್ಭಕ್ಕೆ ಈ ಒಂದು ವಾಕ್ಯವನ್ನು ಮೊದಲ ದಿನವೇ ಕೇಳಿಸಿಕೊಳ್ಳಬೇಕಾಗಿತ್ತು.

ಪರಿಣಾಮವಾಗಿ ಏನಾಯಿತೆಂದರೆ, ಗೌಡರು ಮುಂಗಡವನ್ನು ವಾಪಸು ಕೊಡಲಿಲ್ಲ. ಕೊಯ್ಲು ಒಂದು ವಾರ ತಡವಾಗಿ ಚೇಣಿದಾರರ ಕೈಯಲ್ಲೇ ನಡೆಯಿತು. ಹುಡುಗ ಚಿತ್ರವನ್ನು ಅಳಿಸಿದ, ಆದರೆ ಕ್ಷಮೆ ಕೇಳಿ ಏನನ್ನೂ ಬರೆಯಲಿಲ್ಲ, ನಾವೂ ಒತ್ತಾಯಿಸಲಿಲ್ಲ. ಗುಂಪಿನಲ್ಲಿ ಇಂಥ ಚಿತ್ರಗಳು ನಿಂತಿಲ್ಲ. ಜಮಾತಿನ ಇಬ್ಬರು ಹಿರಿಯರು, ಆಯತ್ತನ್ನು ಜಗಲಿಯಲ್ಲಿ ಕೂತು ಚರ್ಚೆಗಿಟ್ಟದ್ದು ಸರಿಯಲ್ಲವೆಂದು ಮೌಲಾನಾರನ್ನು ಆಕ್ಷೇಪಿಸಿದರು. ಮನುಸ್ಮೃತಿಯ ಮಾತೆತ್ತಿಸಿದ್ದಕ್ಕೆ ನನ್ನೊಡನೆ ಮಾತು ಬಿಟ್ಟವರೂ ಇದ್ದಾರೆ.

ಬಾಕಿ ಉಳಿದದ್ದು 9:29. ಅದನ್ನು ಎತ್ತಿದವರು ಗೌಡರೇ. ಗ್ರಂಥ ಕೊಡಲ್ಪಟ್ಟವರಲ್ಲಿ ನಂಬದವರು ಜಿಜಿಯಾ (ಮುಸ್ಲಿಮೇತರರ ಮೇಲಿನ ತೆರಿಗೆ) ಕೊಡುವವರೆಗೂ ಅವರೊಡನೆ ಹೋರಾಡಿರಿ ಎನ್ನುವ ಆಯತ್ತು ಅದು. ಇದು ರೋಮನ್ನರ ಗಡಿಯ ಕಡೆಗೆ ಹೊರಟ ತಬೂಕ್ ದಂಡಯಾತ್ರೆಯ ಕಾಲದ್ದೆಂದು ಮೌಲಾನಾ ವಿವರಿಸಿದರು. “ಆದ್ರೆ ಇದ್ರಲ್ಲಿ ಮಾತು ಮುರಿದೋರು ಅಂತ ಇಲ್ವಲ್ಲ ಸ್ವಾಮಿ” ಎಂದು ಗೌಡರು ಪುಟದ ಮೇಲೆ ಬೆರಳಿಟ್ಟರು. ಮೌಲಾನಾ ತಮ್ಮ ಉತ್ತರ ತಮಗೇ ಪೂರ್ತಿ ಹಿಡಿಸಿಲ್ಲವೆಂದು ಹೇಳಿ, ಇನ್ನೆರಡು ತಫ್ಸೀರ್ ನೋಡಿಕೊಂಡು ಬರುವುದಾಗಿ ತಿಳಿಸಿದರು. ಕೊಯ್ಲು ಮುಗಿದ ಮೇಲೆ ಕೂರೋಣ ಎಂದಾಯಿತು. ಅಷ್ಟರಲ್ಲಿ ಅಡಿಕೆ ಒಣಗಿಸುವ ಗಡಿಬಿಡಿ, ಆಮೇಲೆ ಮದುವೆಗಳ ಕಾಲ, ಆಮೇಲೆ ಮಳೆ. ಆ ಕೂಟ ಇನ್ನೂ ಸೇರಿಲ್ಲ. ಕನ್ನಡ ಅನುವಾದದ ಪ್ರತಿ ಗೌಡರ ಮನೆಯಲ್ಲೇ ಇದೆ, 29ನೆಯ ಆಯತ್ತಿನ ಪುಟದಲ್ಲಿ ಮಂಡಿಯ ಚೀಟಿಯೊಂದು ಗುರುತಿಗೆ ಇಟ್ಟಿದೆ.